ಎಮ್ಮಿಗನೂರು ಬರುವುದರೊಳಗೆ

ಆದೋನಿ ಬಸ್‌ಸ್ಟ್ಯಾಂಡಿನಿಂದ ಕರ್ನೂಲಿನ ಬಸ್ಸು ಹೊರಟಾಗ ಉಚ್ಚಮ್ಮನ ತಲೆಯಲ್ಲಿದ್ದದ್ದು ಒಂದೇ ಮಾತು. ಎಮ್ಮಿಗನೂರು ಬರುವುದರೊಳಗೆ ಮಗಳ ದನಿ ಕ್ಯಾಮೆರಾದಿಂದ ಇಳಿದು ಫೋನಿನೊಳಗೆ ಸೇರಿಬಿಡಬೇಕು. ಎಮ್ಮಿಗನೂರಿನಲ್ಲಿ ನರಸಣ್ಣ ಇಳಿದುಹೋಗುತ್ತಾನೆ. ಅವನ ಹೆಗಲಿಗೆ ತೂಗುಬಿದ್ದ ಕ್ಯಾಮೆರಾವೂ ಇಳಿದುಹೋಗುತ್ತದೆ. ತಾನು ಮತ್ತು ಈಶ್ವರಿ ಮುಂದೆ ಕರ್ನೂಲಿಗೆ. ನಾಡಿದ್ದು ಅಲ್ಲಿನ ಆಸ್ಪತ್ರೆಯಲ್ಲಿ ಈಶ್ವರಿಯ ಗಂಟಲು ಕೊಯ್ದು ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಜೀವ ಉಳಿಯಬೇಕೆಂದರೆ ದನಿ ಹೋಗಬೇಕು ಎಂದು ಡಾಕ್ಟರು ತೆಲುಗಿನಲ್ಲಿ ಎರಡು ಸಲ ಹೇಳಿದ್ದರು, ಒಂದು ಸಲ ತಾಯಿಗೆ, ಒಂದು ಸಲ ಮಗಳಿಗೆ.

ಈಶ್ವರಿಗೆ ನಲವತ್ತಮೂರು. ಹಾಲಹರವಿಯ ಕಡೆ ಅವರ ಕುರಿಹಿಂಡು. ಗಂಡ ಏಕಾಂತಪ್ಪ ಹಿಂಡು ಬಿಟ್ಟು ಬರುವ ಹಾಗಿಲ್ಲವಾದ್ದರಿಂದ ತಾಯಿಯೇ ಜೊತೆಗೆ ಬಂದಿದ್ದಳು. ಈಶ್ವರಿ ಹಟ್ಟಿಯ ಬಾಗಿಲಲ್ಲಿ ನಿಂತು ಒಮ್ಮೆ ಕೂಗಿದರೆ ಮೂರು ಹೊಲದಾಚೆಯ ಕುರಿ ಕೂಡ ಬಾಯೊಳಗಿನ ಹುಲ್ಲು ನುಂಗದೆ ತಲೆ ಎತ್ತುತ್ತಿತ್ತು. ಆ ದನಿ ಯುಗಾದಿಯಿಂದೀಚೆಗೆ ಸೀಳತೊಡಗಿ, ಈಗ ಒಡಕು ಗಡಿಗೆಯನ್ನು ಬಂಡೆಯ ಮೇಲೆ ಎಳೆದಂತೆ ಆಗಿತ್ತು.

ಬಳ್ಳಾರಿಯಲ್ಲಿ ಈಶ್ವರಿಯ ಮಗಳು ಮೌನಿಕಾ ಎಂಟು ತಿಂಗಳ ಬಸುರಿ. "ಹುಟ್ಟೋ ಕೂಸಿಗೆ ನಿನ್ನ ಜೋಗುಳ ಬೇಕವ್ವ" ಎಂದು ಅವಳು ಫೋನಿನಲ್ಲಿ ಹಟ ಹಿಡಿದಿದ್ದಳು. ತಮ್ಮ ಫೋನಿನಲ್ಲೇ ಹಿಡಿದು ನೋಡಿದರು. ಬಯಲಿನ ಗಾಳಿ, ಗೊರಗೊರ ಸದ್ದು, ಬೇರೇನೂ ಇಲ್ಲ. ಅದಕ್ಕೇ ನರಸಣ್ಣನನ್ನು ಕರೆಸಿದ್ದು. ಅವನು ಉಚ್ಚಮ್ಮನ ಅಣ್ಣನ ಮಗ. ಆದೋನಿಯಲ್ಲಿ ಮದುವೆ ಫೋಟೋ ತೆಗೆಯುವ ಅಂಗಡಿ ಇಟ್ಟವನು. ನಿನ್ನೆ ಬೆಳಿಗ್ಗೆ ಬಂದು, ಸೀರೆಯ ಸೆರಗಿಗೆ ಪುಟ್ಟ ಮೈಕು ಸಿಕ್ಕಿಸಿ, ಹಟ್ಟಿಯ ಮುಂದೆ ಈಶ್ವರಿಯನ್ನು ಕೂಡಿಸಿ ಮೂರು ವಿಡಿಯೋ ತೆಗೆದ. ಒಂದರಲ್ಲಿ ಕುರಿ ಕರೆಯುವ ಕೂಗು. ಒಂದರಲ್ಲಿ ಜೋಗುಳ. ಒಂದರಲ್ಲಿ ಮೌನಿಕಾಗೆ ಹೇಳಬೇಕಾದ ಮಾತು. ಬಿಸಿನೀರು ಕುಡಿದು ಕೂತ ಈಶ್ವರಿಗೆ ಅದೆಲ್ಲಿಂದ ಬಂತೋ, ಜೋಗುಳದ ನಡುವೆ ಹಳೆಯ ದನಿ ಬಂದುಬಿಟ್ಟಿತು. ಪೂರ್ತಿ ಅಲ್ಲ, ಮುಕ್ಕಾಲು. ಏಕಾಂತಪ್ಪ ಕೈಯಲ್ಲಿದ್ದ ಕೋಲು ಕೆಳಗಿಟ್ಟು ಹಾಗೇ ಕೂತುಬಿಟ್ಟ. ಆ ಹೊತ್ತಿಗೆ ಉಚ್ಚಮ್ಮ ಬೊಗಳುತ್ತಿದ್ದ ನಾಯಿಯನ್ನು ಹಿಡಿದುಕೊಂಡು ಬೇಲಿಯ ಆಚೆ ನಿಂತಿದ್ದಳು. ಆಮೇಲೆ ಫೋನಿನಲ್ಲಿ ಕೇಳಿದರಾಯಿತು ಎಂದುಕೊಂಡಿದ್ದಳು.

ಬಸ್ಸು ಹತ್ತಿ ಮಿಲ್ಲುಗಳನ್ನು ದಾಟುತ್ತಿದ್ದಾಗ ನರಸಣ್ಣ ಚೀಲವನ್ನೆಲ್ಲ ಕೆದಕಿ ತಲೆ ಕೆರೆದುಕೊಂಡ.

"ಅತ್ತೆ, ಕಾರ್ಡ್ ರೀಡರ್ ಅಂಗಡ್ಯಾಗೇ ಉಳೀತು ನೋಡು. ಇರ್ಲಿ ಬಿಡು, ಟೆನ್ಷನ್ ಬ್ಯಾಡ. ಈ ಕ್ಯಾಮೆರಾಕ ವೈಫೈ ಐತಿ. ಒಂದು ಆ್ಯಪ್ ಹಾಕ್ಕೊಂಡ್ರ ಗಾಳ್ಯಾಗೇ ಫೋನಿಗೆ ಹೋಗ್ತಾವ."

"ಗಾಳ್ಯಾಗ ಹೋದದ್ದು ಗಾಳ್ಯಾಗೇ ಉಳದ್ರ?" ಎಂದಳು ಉಚ್ಚಮ್ಮ.

ಈಶ್ವರಿ ಒಡಕು ದನಿಯಲ್ಲೇ ಬಾಯಿ ಹಾಕಿದಳು. "ನನ್ನ ಮದಿವಿ ಆಗ್ತೀನಂತ ಹೇಳಿದ ಮಾತೂ ಗಾಳ್ಯಾಗೇ ಹೋತಲ್ಲ ಯವ್ವ. ಬಾವನ ಕಡಿಂದ ಬರೋದೆಲ್ಲ ಹಂಗ."

"ಹೇಳಿದ್ದು ನಮ್ಮಪ್ಪ, ನಾನಲ್ಲ," ಎಂದ ನರಸಣ್ಣ. "ನಿನ್ನ ಕೂಗು ಕೇಳೇ ಹೆದರಿ ಆದೋನಿಗೆ ಓಡಿ ಬಂದೆ. ಮನ್ಯಾಗ ಉಪ್ಪು ಕೇಳಿದ್ರ ಆಲೂರಿನೋರು ತಂದು ಕೊಡ್ತಿದ್ರು."

"ಇನ್ನ ಹೆದರಬ್ಯಾಡ, ಬಾ. ನಾಡಿದ್ದಿಂದ ಪಕ್ಕದಾಗ ಮಲಗಿದೋರಿಗೂ ಕೇಳಂಗಿಲ್ಲ."

ಹಿಂದಿನ ಸೀಟಿನ ಹೆಂಗಸು ಕಿಸಕ್ಕನೆ ನಕ್ಕಳು. ನರಸಣ್ಣ ನಗಲಿಲ್ಲ. ತಲೆ ತಗ್ಗಿಸಿ ಈಶ್ವರಿಯ ಫೋನು ಒತ್ತತೊಡಗಿದ.

ಕೆಲಸ ಅವನೆಂದುಕೊಂಡಷ್ಟು ಸಲೀಸಾಗಿರಲಿಲ್ಲ. ಮೊದಲಿಗೆ ಫೋನಿನಲ್ಲಿ ಜಾಗವೇ ಇಲ್ಲ. ಈಶ್ವರಿ ನೋಡಲೆಂದು ಇಟ್ಟುಕೊಂಡಿದ್ದ ಸಿನಿಮಾ ಹಾಡಿನ ವಿಡಿಯೋಗಳನ್ನು ಒಂದೊಂದಾಗಿ ಅಳಿಸಿ ಜಾಗ ಮಾಡಿಕೊಟ್ಟಳು. ಆ್ಯಪು ಕ್ಯಾಮೆರಾವನ್ನು ಹುಡುಕಿತು, ಹಿಡಿಯಿತು, ಬಿಟ್ಟಿತು. ಮತ್ತೆ ಹಿಡಿಯಿತು. ಮುಂದೆ ಹತ್ತಿ ಹೇರಿದ ಲಾರಿಯೊಂದು ರಸ್ತೆ ತುಂಬ ಹರಡಿಕೊಂಡು ಹೋಗುತ್ತಿತ್ತು. ಅದು ಹೀಗೇ ಅಡ್ಡ ಇದ್ದು ಬಸ್ಸು ನಿಧಾನವಾಗಲಿ ಎಂದು ಉಚ್ಚಮ್ಮ ಮನಸ್ಸಿನಲ್ಲೇ ಬೇಡಿಕೊಂಡಳು. ಅಷ್ಟರಲ್ಲಿ ನರಸಣ್ಣನ ಫೋನು ಹೊಡೆದುಕೊಂಡಿತು. ಎಮ್ಮಿಗನೂರಿನ ಮದುವೆ ಮನೆಯವರು.

"ವಸ್ತುನ್ನಾ, ವಸ್ತುನ್ನಾ," ಬಂದೆ, ಬಂದೆ ಎಂದ ಅವನು ತೆಲುಗಿನಲ್ಲಿ. ಫೋನು ಇಟ್ಟು, "ಅರಿಶಿಣ ಹಚ್ಚಾಕ ಶುರು ಮಾಡ್ಯಾರಂತ. ಹೋದ ತಕ್ಷಣ ತಗೀಬೇಕು. ಇರೋದೊಂದೇ ಕಾರ್ಡು, ಇನ್ನೊಂದು ಕೆಟ್ಟೈತಿ. ಇದನ್ನ ಇಲ್ಲೇ ಖಾಲಿ ಮಾಡಬೇಕತ್ತೆ" ಎಂದ.

ಕಡೆಗೂ ಫೋನಿನ ಗಾಜಿನ ಮೇಲೆ ಚಿತ್ರಗಳು ಮೂಡಿದವು. ಒಂದೊಂದು ಹುಣಿಸೆ ಬೀಜದಷ್ಟು, ಸಾಲುಸಾಲಾಗಿ. ಹಟ್ಟಿ, ಕುರಿ, ಏಕಾಂತಪ್ಪ, ಈಶ್ವರಿ. ಬಾಯಿ ತೆರೆದ ಈಶ್ವರಿಯ ಮೂರು ಚಿತ್ರಗಳ ಮೂಲೆಯಲ್ಲಿ ಪುಟ್ಟ ಮುಕ್ಕೋನ. ಅವೇ ವಿಡಿಯೋ ಎಂದು ನರಸಣ್ಣ ತೋರಿಸಿದ. ಎಲ್ಲವನ್ನೂ ಆರಿಸಿ ಒತ್ತಿದ. ಹಸಿರು ಗೀಟೊಂದು ಮೆಲ್ಲಗೆ ಎಡದಿಂದ ಬಲಕ್ಕೆ ತೆವಳಿತು. ಬಸ್ಸು ಲಾರಿಯನ್ನು ಹಿಂದೆ ಹಾಕಿತು. ಗೀಟು ಕೊನೆ ಮುಟ್ಟಿದಾಗ ಕೆಳಗೆ ಇಂಗ್ಲಿಷಿನ ಒಂದು ಸಾಲು ಮೂಡಿ ಮಾಯವಾಯಿತು. ನರಸಣ್ಣ ಆಗ ಬ್ಯಾಗಿನಿಂದ ಬ್ಯಾಟರಿ ತೆಗೆಯುತ್ತಿದ್ದ. ತಾಯಿ ಮಗಳಿಬ್ಬರಿಗೂ ಇಂಗ್ಲಿಷು ಬಾರದು.

"ಅಯಿಪೋಯಿಂದಿ, ಮುಗೀತು. ಎಲ್ಲಾ ಬಂದಾವ. ನೀನೇ ಎಣಿಸಿ ನೋಡತ್ತೆ. ಕ್ಯಾಮೆರಾದಾಗ ನಲವತ್ತಾರು ಅದಾವು."

ಎಣಿಸುವುದು ಉಚ್ಚಮ್ಮನಿಗೆ ಉಸಿರಾಡಿದಷ್ಟು ಸಹಜ. ಐವತ್ತು ವರ್ಷ ಸಂಜೆ ಸಂಜೆ ಹಟ್ಟಿಯ ಬಾಗಿಲಲ್ಲಿ ಕುರಿಗಳನ್ನು ಜೋಡಿ ಜೋಡಿಯಾಗಿ ಒಳಗೆ ಬಿಟ್ಟು ಲೆಕ್ಕ ಹಿಡಿದವಳು. ಬೆರಳನ್ನು ಗಾಜಿಗೆ ತಾಗಿಸದೆ, ಮೇಲಿನಿಂದಲೇ ಎರಡೆರಡಾಗಿ ತೇಲಿಸುತ್ತ ಹೋದಳು. ಇಪ್ಪತ್ತಮೂರು ಜೋಡಿ. ಒಂದೂ ತಪ್ಪಿಲ್ಲ. ಅವರ ಮನೆತನದಲ್ಲಿ ಲೆಕ್ಕ ಮುಗಿದ ಮೇಲೆ ಸಂಖ್ಯೆಯನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಒಳಗೆ ಹೋಗಿ ಮತ್ತೆ ಮುಟ್ಟಿ ನೋಡುವುದೂ ಇಲ್ಲ. ಎಣಿಸಿದ ಹಟ್ಟಿಯನ್ನು ಕೆದಕಿದರೆ ದೃಷ್ಟಿ ತಾಗುತ್ತದೆ, ಬೆಳಗಾಗುವುದರಲ್ಲಿ ಒಂದು ಕಡಿಮೆಯಾಗುತ್ತದೆ ಎಂದು ಅವಳ ಅತ್ತೆ ಕಲಿಸಿದ್ದಳು. ಬಾಗಿಲು ಎಳೆದು ಒಂದೇ ಮಾತು ಹೇಳಬೇಕು.

"ಸರಿ ಐತಿ," ಎಂದಳು ಉಚ್ಚಮ್ಮ.

"ಒಂದು ವಿಡಿಯೋ ಹಚ್ಚಿ ನೋಡೋಣೇನು?" ಎಂದ ನರಸಣ್ಣ.

ಈಶ್ವರಿ ಅಂಗೈಯನ್ನು ಫೋನಿನ ಮೇಲೆ ಮುಚ್ಚಿಬಿಟ್ಟಳು. "ಬ್ಯಾಡ! ನಾನಿನ್ನೂ ಮಾತಾಡಾಕತ್ತೀನಿ. ನನ್ನೆದುರಿಗೇ ಅದನ್ನ ಹಚ್ಚಿ ನನ್ನ ತಿಥಿ ಮಾಡಬ್ಯಾಡ್ರಿ. ಆಪರೇಷನ್ ಆದಮ್ಯಾಗ ಕೇಳಿದ್ರಾತು."

ದೂರದಲ್ಲಿ ಎಮ್ಮಿಗನೂರಿನ ಮನೆಗಳು ಕಂಡವು. ಕಂಡಕ್ಟರು ಬಾಗಿಲು ಬಡಿಯುತ್ತ ಇಳಿಯುವವರನ್ನು ಎಬ್ಬಿಸಿದ.

"ಅಳಸ್ಲಾ ಅತ್ತೆ? ಒಮ್ಮೆ ಒತ್ತಿದ್ರ ತಿರುಗಿ ಬರಂಗಿಲ್ಲ ಮತ್ತ."

ಉಚ್ಚಮ್ಮ ಮಗಳ ಮುಖ ನೋಡಿದಳು. ಫೋನು ನೋಡಿದಳು. "ಲೆಕ್ಕ ಸರಿ ಐತಿ ಅಂದೆನಲ್ಲಪ್ಪ. ಅಳಸು" ಎಂದಳು.

ಅವನು ಒತ್ತಿದ. ಹೋಗುವಾಗ ಅತ್ತೆಯ ಕಾಲು ಮುಟ್ಟಿದ. ಈಶ್ವರಿಗೆ, "ಹುಷಾರಿಂದ ಬಾ. ಬಂದು ಬೈಯಿ," ಎಂದ. ಹೇಳಿದ ಮೇಲೆ ತಾನೇನು ಹೇಳಿದೆನೆಂದು ಹೊಳೆದು ಮುಖ ಕಪ್ಪಿಟ್ಟಿತು. ಚೀಲ ಹೆಗಲಿಗೇರಿಸಿ ಇಳಿದುಹೋದ.

ಆಪರೇಷನ್ನು ಏಳು ತಾಸು ಹಿಡಿಯಿತು. ಈಶ್ವರಿ ಬದುಕಿದಳು. ಕೊರಳ ಬುಡದಲ್ಲಿ ಒಂದು ತೂತು, ಅದರಲ್ಲೊಂದು ಕೊಳವೆ. ಉಸಿರು ಅಲ್ಲಿಂದಲೇ ಸುಯ್ ಎಂದು ಹೋಗಿಬರುತ್ತಿತ್ತು. ಎಚ್ಚರವಾದ ಮೊದಲ ದಿನ ಅವಳು ಮರೆತು ತಾಯಿಯನ್ನು ಕರೆಯಲು ಹೋದಳು. ತುಟಿ "ಯವ್ವಾ" ಎಂದಿತು, ಕೊಳವೆಯಿಂದ ಬರಿಯ ಗಾಳಿ ಬಂತು. ಅದಾದ ಮೇಲೆ ಅವಳು ತುಟಿ ಆಡಿಸಲಿಲ್ಲ.

ಐದನೆಯ ದಿನ ಬಳ್ಳಾರಿಯಿಂದ ಮೌನಿಕಾ ಫೋನು ಮಾಡಿದಳು. "ಅಜ್ಜಿ, ಅವ್ವನ ದನಿ ಕಳಸು. ಅದರಾಗ ನನಗೇನೋ ಹೇಳ್ಯಾಳಂತಲ್ಲ?"

"ಕಳಸ್ತೀನಿ ತಡಿಯವ್ವ," ಎಂದು ಉಚ್ಚಮ್ಮ ಫೋನು ಹಿಡಿದು ವರಾಂಡಕ್ಕೆ ಬಂದಳು. ನರಸಣ್ಣ ತೋರಿಸಿದ್ದ ಗುರುತು ನೆನಪಿಟ್ಟುಕೊಂಡು ಅದನ್ನೇ ಒತ್ತಿದಳು. ಹುಣಿಸೆ ಬೀಜದಷ್ಟು ಚಿತ್ರಗಳು ಸಾಲಾಗಿ ನಿಂತವು. ಕುರಿಯದನ್ನು ಮುಟ್ಟಿದಳು, ಗಾಜಿನ ತುಂಬ ಬಂತು. ಏಕಾಂತಪ್ಪನೂ ಬಂದ. ಮುಕ್ಕೋನವಿದ್ದ ಈಶ್ವರಿಯನ್ನು ಮುಟ್ಟಿದಳು. ಗಾಜಿನ ಮೇಲೆ ಬಳೆಯಂಥದ್ದೊಂದು ಗಿರಗಿರ ತಿರುಗಿತು. ಆಮೇಲೆ ಇಂಗ್ಲಿಷಿನ ಸಾಲು. ಇನ್ನೊಂದನ್ನು ಮುಟ್ಟಿದಳು. ಅದೇ ಬಳೆ, ಅದೇ ಸಾಲು. ಮೂರನೆಯದೂ ಹಾಗೇ.

ದಾರಿಯಲ್ಲಿ ಹೋಗುತ್ತಿದ್ದ ನರ್ಸಮ್ಮನನ್ನು ನಿಲ್ಲಿಸಿ ಕೇಳಿದಳು. ಆಕೆ ಓದಿ, "ಕೆಮೆರಾ ಕನೆಕ್ಟ್ ಚೇಯಮಂಟೋಂದಿ ಅಮ್ಮಾ," ಎಂದಳು. ಕ್ಯಾಮೆರಾ ಜೋಡಿಸು ಎನ್ನುತ್ತಿದೆ. ಉಚ್ಚಮ್ಮನ ಮುಖ ನೋಡಿ, ಟ್ರೇ ಬದಿಗಿಟ್ಟು, ಬಿಡಿಸಿ ಹೇಳಿದಳು. ಫೋಟೋಗಳು ಇಳಿದಿವೆ. ವಿಡಿಯೋ ಇಳಿದಿಲ್ಲ. ಕ್ಯಾಮೆರಾದೊಳಗೆ ಏನೇನಿದೆ ಎಂದು ತೋರಿಸುವ ಪುಟ ಇದು, ಕಿಟಕಿಯಿದ್ದ ಹಾಗೆ. ಈಗ ಕಾಣುತ್ತಿರುವುದು ಬರಿಯ ಗುರುತು.

ಉಚ್ಚಮ್ಮನಿಗೆ ಅರ್ಥವಾಯಿತು. ಬೇರೆಯವರ ಹಟ್ಟಿಯ ಕುರಿಗಳನ್ನು ಬೇಲಿಯ ಸಂದಿಯಿಂದ ಎಣಿಸಿ, ನಮ್ಮವೇ ಎಂದು ಬಾಗಿಲು ಎಳೆದು ಬಂದಿದ್ದಳು. ಅಳಸು ಅಂದ ಬಾಯಿ ಯಾರದು? ತನ್ನದೇ.

ನರಸಣ್ಣನಿಗೆ ಫೋನು ಮಾಡಿದಳು. "ಅತ್ತೆ... ಆ ಕಾರ್ಡಿನ ಮ್ಯಾಗ ಎರಡು ಮದಿವಿ ತಗದೀನಿ," ಎಂದ.

ಆದರೂ ಮಾರನೆಯ ದಿನ ಕಾರ್ಡು ಹಿಡಿದುಕೊಂಡು ಕರ್ನೂಲಿಗೆ ಬಂದ. ಅಳಿಸಿದ್ದನ್ನು ತಿರುಗಿ ಎತ್ತಿಕೊಡುವವರು ಇದ್ದಾರೆಂದು ಕೇಳಿ, ಊರೆಲ್ಲ ಅಲೆದು ಒಂದು ಅಂಗಡಿ ಹುಡುಕಿದ. ಮಧ್ಯಾಹ್ನದಿಂದ ಸಂಜೆವರೆಗೆ ಅಲ್ಲೇ ಕೂತಿದ್ದ. ಸಿಕ್ಕಿದ್ದು ಯಾರದೋ ಮದುವೆಯ ಅರಿಶಿಣದ ಕೈ, ಡೋಲಿನ ನಾಲ್ಕು ಪೆಟ್ಟು, ಅರ್ಧ ಮುರಿದ ಒಂದು ಕುರಿಯ ಚಿತ್ರ. ವಾರ್ಡಿಗೆ ಬಂದು ಮಂಚದ ಕಾಲಕಡೆ ನಿಂತ. ಈಶ್ವರಿ ಕೈ ಚಾಚಿ ಫೋನು ಎಲ್ಲಿ ಎಂದು ಸನ್ನೆ ಮಾಡಿದಳು. ಅವನು ಹೊರಗೆ ಹೋಗಿಬಿಟ್ಟ.

ಹೇಳಬೇಕಾದವಳು ಉಚ್ಚಮ್ಮನೇ. ಮಂಚದ ಅಂಚಿನಲ್ಲಿ ಕೂತು ಎಲ್ಲವನ್ನೂ ಹೇಳಿದಳು, ಒಂದನ್ನೂ ಮುಚ್ಚಿಡದೆ. "ತಪ್ಪು ನಂದವ್ವ. ಅಂವ ಕೇಳಿದ. ನಾನೇ ಅಳಸು ಅಂದೆ."

ಮಗಳು ಬೈದಿದ್ದರೆ ಚೆನ್ನಾಗಿತ್ತು. ಹಟ್ಟಿ ಹಾರುವಂತೆ ಬೈದಿದ್ದರೆ ಉಚ್ಚಮ್ಮ ತಲೆ ಬಾಗಿಸಿ ಕೇಳುತ್ತಿದ್ದಳು. ಈಶ್ವರಿಯ ಎದೆ ಮೇಲೆ ಕೆಳಗೆ ಆಯಿತು. ಕೊಳವೆಯಲ್ಲಿ ಉಸಿರು ಜೋರಾಯಿತು, ಆಮೇಲೆ ತಾನೇ ತಗ್ಗಿತು. ಫೋನು ಇಸಿದುಕೊಂಡು ಆ ಪುಟ್ಟ ಚಿತ್ರವನ್ನು ಕಣ್ಣಿನ ಹತ್ತಿರ ತಂದು ನೋಡಿದಳು. ಹಟ್ಟಿಯ ಮುಂದೆ ಕೂತಿದ್ದಾಳೆ. ಬಾಯಿ ತೆರೆದಿದೆ. ಜೋಗುಳದ ಯಾವ ಅಕ್ಷರಕ್ಕೆ ತೆರೆದ ಬಾಯಿ ಎಂದು ಯಾರಿಗೂ ಹೇಳಲು ಬಾರದು.

ಅವಳು ಚಿತ್ರದ ಬಾಯಿಯ ಮೇಲೆ ಬೆರಳಿಟ್ಟಳು. ಆಮೇಲೆ ಅದೇ ಬೆರಳನ್ನು ತಾಯಿಯ ಕಿವಿಗೆ ಮುಟ್ಟಿಸಿದಳು. ಹುಬ್ಬು ಎತ್ತಿದಳು. ನಿನಗಾದರೂ ನೆನಪೈತಲ್ಲ?

ಉಚ್ಚಮ್ಮ ಹೌದೆಂದು ತಲೆ ಆಡಿಸಿದಳು. ತಲೆ ಆಡಿಸುತ್ತಲೇ ಒಳಗೆ ಹುಡುಕಿದಳು. ನಲವತ್ತಮೂರು ವರ್ಷ ಕೇಳಿದ ದನಿ. ತೊಟ್ಟಿಲಲ್ಲಿ ಅತ್ತದ್ದು, ಬೇಲಿಯಾಚೆಯಿಂದ ಬಂದ ಕೂಗು, ಮದುವೆಯ ದಿನ "ಯವ್ವಾ" ಎಂದದ್ದು. ಒಂದೊಂದನ್ನೂ ಹಿಡಿಯಲು ಹೋದಳು. ಮುಖ ಸಿಗುತ್ತಿತ್ತು, ಸೀರೆ ಸಿಗುತ್ತಿತ್ತು, ಆಗ ಬಿದ್ದಿದ್ದ ಬಿಸಿಲೂ ಸಿಗುತ್ತಿತ್ತು. ಕಿವಿಗೆ ಮಾತ್ರ ಬಸ್ಸಿನಲ್ಲಿ ಕೇಳಿದ ಆ ಒಡಕು ದನಿಯೇ ಬರುತ್ತಿತ್ತು. ಅದರ ಹಿಂದೆ ಇದ್ದದ್ದು ಎಷ್ಟು ಕರೆದರೂ ಬರಲಿಲ್ಲ.

ಈಶ್ವರಿ ತಾಯಿಯ ಕಣ್ಣನ್ನೇ ನೋಡುತ್ತಿದ್ದಳು. ಮೆಲ್ಲಗೆ ಬೆರಳು ತೆಗೆದಳು. ಗೋಡೆಯ ಕಡೆ ಹೊರಳಿ ಮಲಗಿದಳು.

ಸ್ವಲ್ಪ ಹೊತ್ತಿಗೆ ಫೋನು ಹೊಡೆದುಕೊಂಡಿತು. ಮೌನಿಕಾ.

"ಅಜ್ಜಿ, ನಿನ್ನಿಂದ ಕಾಯಾಕತ್ತೀನಿ. ಅವ್ವನ ವಿಡಿಯೋ ಇನ್ನೂ ಬರಲಿಲ್ಲಲ್ಲ?"

"ಬರಂಗಿಲ್ಲವ್ವ," ಎಂದಳು ಉಚ್ಚಮ್ಮ.