ಎರಡು ನಿಮಿಷ ಯಾರೂ ಬಾಯಿ ಹಾಕಬಾರದು

ಎಸ್ತೆರಳ ಇಂಗ್ಲಿಷ್ ಕ್ಲಾಸಿಗೆ ಇದ್ದದ್ದು ಎರಡೇ ಕಾನೂನು. ಒಂದು, ಯಾರಾದರೂ ಎರಡು ನಿಮಿಷ ಮಾತಾಡಲು ಎದ್ದು ನಿಂತರೆ ಉಳಿದವರು ನಡುವೆ ಬಾಯಿ ಹಾಕಬಾರದು. ವ್ಯಾಕರಣ ಮುರಿಯಲಿ, ನಾಲಿಗೆ ತೊಡರಲಿ, ಇಂಗ್ಲಿಷಿನ ಮಧ್ಯೆ ತುಳುವೋ ಬ್ಯಾರಿಯೋ ನುಗ್ಗಲಿ, ತಿದ್ದುವುದೆಲ್ಲ ಆಮೇಲೆ. ನಗುವುದಂತೂ ಇಲ್ಲವೇ ಇಲ್ಲ. ಇನ್ನೊಂದು ಕಾನೂನು ಗಂಟಲು ಕಟ್ಟಿ ಕೂತವರಿಗಾಗಿ. ಬಾಯಿಪಾಠದ ಉತ್ತರ ಬೇಡ, ನಿನ್ನ ಬದುಕಿನಲ್ಲಿ ನಡೆದದ್ದನ್ನೇ ಹೇಳು ಎಂದು ಎಸ್ತೆರ್ ಹಟ ಹಿಡಿಯುತ್ತಿದ್ದಳು. ಅಷ್ಟಕ್ಕೂ ಬಾಯಿ ಬಿಡದಿದ್ದರೆ ಬಾಗಿಲು ಮುಚ್ಚಿ, ಮೊದಲು ತನ್ನದೊಂದು ನಿಜವನ್ನು ತಾನೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಬಾಗಿಲೊಳಗೆ ಹೇಳಿದ್ದು ಬಾಗಿಲೊಳಗೇ ಇರಬೇಕು.

ಬಿಕರ್ನಕಟ್ಟೆಯ ಆ ಮನೆಯ ಮುಂದಿನ ಕೋಣೆಯಲ್ಲಿ ಹದಿನಾರು ವರ್ಷಗಳಿಂದ ಹೀಗೆ ನರ್ಸುಗಳು, ಲ್ಯಾಬಿನವರು, ಹೊರದೇಶದಲ್ಲಿರುವ ಗಂಡನ ಬಳಿಗೆ ಹೊರಟ ಹೆಂಗಸರು ಸ್ಪೀಕಿಂಗ್ ಪರೀಕ್ಷೆಗೆ ತಯಾರಾಗಿ ಹೋಗಿದ್ದರು. ಒಳಗೆ ಒಬ್ಬರ ಸರದಿ ನಡೆಯುವಾಗ ಉಳಿದವರು ಜಗಲಿಯಲ್ಲಿ ಎಸ್ತೆರಳ ಅಪ್ಪನ ಎದುರು ಕೂತು ಅಭ್ಯಾಸ ಮಾಡಬೇಕು. ಅಪ್ಪನ ಹೆಸರು ವಿಲ್ಲಿ, ಎಪ್ಪತ್ತೇಳು ವರ್ಷ. ಬಹ್ರೈನಿನ ಹೋಟೆಲೊಂದರ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಹೊಗೆ ಕುಡಿದವರು. ಅಲ್ಲಿಂದ ತಂದ ಮೊಟ್ಟೆ ಬೇಯಿಸುವ ಗಡಿಯಾರ ಯಾವಾಗಲೂ ಅವರ ಮಡಿಲಲ್ಲಿರುತ್ತಿತ್ತು. ಅದನ್ನು ಎರಡಕ್ಕೆ ತಿರುಗಿಸಿ, "ಹೇಳು ಮಾರಾಯ, ನಿನಗೆ ಚಂದ ಬರುವುದನ್ನೇ ಹೇಳು" ಎನ್ನುವರು. ಟ್ರಿಣ್ ಎನ್ನುವವರೆಗೆ ತುಟಿ ಬಿಚ್ಚುತ್ತಿರಲಿಲ್ಲ.

ವಿಲ್ಲಿಗೆ ಗುರುವಾರ ಮಾತ್ರ ಕ್ಲಾಸಿಗೆ ರಜೆ. ಗುರುವಾರ ಬಾಲ ಯೇಸುವಿನ ಕ್ಷೇತ್ರಕ್ಕೆ ಹೋಗಿ ಮಗ, ಎಸ್ತೆರಳ ತಮ್ಮ ರೂಬನ್ ಹೆಸರಲ್ಲಿ ಒಂದು ಮೇಣದ ಬತ್ತಿ ಹಚ್ಚಬೇಕು, ಕ್ಷಮೆ ಕೇಳಬೇಕು. ಹತ್ತೊಂಬತ್ತು ವರ್ಷದ ಹಿಂದೆ ರಜೆಯಲ್ಲಿ ಬಂದಿದ್ದ ವಿಲ್ಲಿ ಅವರಿವರ ಕಾಲು ಹಿಡಿದು ಮಗನಿಗೆ ತನ್ನ ಹೋಟೆಲಿನಲ್ಲೇ ಒಂದು ಕೆಲಸ ನೋಡಿದ್ದರು. ಇಂಟರ್‌ವ್ಯೂ ಒಂದು ಮುಗಿದರೆ ಆಯಿತು. ಇಪ್ಪತ್ತಮೂರರ ರೂಬನ್ ಆ ದಿನ ಹಾಸಿಗೆಯಿಂದ ಏಳಲೇ ಇಲ್ಲ. ವಿಲ್ಲಿ ಸಿಟ್ಟಿನಲ್ಲಿ, "ಕೈಲಾಗದವನು, ಹೋಗಿ ಸಮುದ್ರಕ್ಕೆ ಬೀಳು" ಎಂದರು. ಅವನು ಬಂದರಿನ ದಕ್ಕೆಗೆ ಹೋಗಿ ಮೀನಿನ ಬೋಟು ಹತ್ತಿದ. ಮೂರನೇ ತಿಂಗಳಲ್ಲಿ ಬೋಟು ಮುಳುಗಿತು. ಅಪ್ಪನ ಬಾಯಿಂದ ಬಿದ್ದ ಮಾತು ಮಗನನ್ನು ತಿಂದಿತು ಎಂದು ವಿಲ್ಲಿ ಅಂದಿನಿಂದ ನಂಬಿಕೊಂಡಿದ್ದರು.

ಅದು ಹಾಗಲ್ಲ ಎಂಬುದು ಎಸ್ತೆರಳಿಗೆ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಗುರುವಾರ ಅಪ್ಪನ ಕೈ ಹಿಡಿದು ಹೈವೇ ದಾಟಿಸುತ್ತಿದ್ದಳು. ಅಪ್ಪನ ಕಿವಿಗೆ ಅದು ಬೀಳದ ಹಾಗೆ ಕಾಪಾಡಿಕೊಂಡು ಬರುವುದೇ ಅವಳ ಬದುಕಿನ ದೊಡ್ಡ ಕೆಲಸವಾಗಿತ್ತು.

ಒಂದು ಬುಧವಾರ ಮಧ್ಯಾಹ್ನ ಹೊಸಬನೊಬ್ಬ ಬಂದ. ಕಾಟಿಪಳ್ಳದ ಆಶಿಕ್. ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್, ಐರ್‌ಲ್ಯಾಂಡಿಗೆ ಹೋಗುವ ಆಸೆ. ಕೊಟ್ಟಾರದ ದೊಡ್ಡ ಕೋಚಿಂಗ್ ಸೆಂಟರಿನಲ್ಲಿ ನಾಲ್ಕು ತಿಂಗಳು ಕಲಿತು, ಪರೀಕ್ಷೆಯಲ್ಲಿ ಎರಡು ಸಲ ಬಿದ್ದು ಬಂದಿದ್ದ. ಎಸ್ತೆರ್ ಎಂದಿನಂತೆ, "ನಿಮ್ಮ ಬದುಕಿನಲ್ಲಿ ನೀವು ಮಾಡಿದ ಒಂದು ತಪ್ಪಿನ ಬಗ್ಗೆ ಎರಡು ನಿಮಿಷ ಹೇಳಿ" ಎಂದಳು.

ಆಶಿಕ್ ಎದ್ದು ನಿಂತು, ಗೋಡೆಯ ಮೇಲೊಂದು ಬಿಂದು ಹುಡುಕಿ ಅದಕ್ಕೇ ಕಣ್ಣು ನೆಟ್ಟು, ನಿಲ್ಲದೆ ಹೇಳಿದ. ನನಗೊಬ್ಬ ತಮ್ಮ ಇದ್ದ. ಅವನು ಕನ್ನಡ ಮೀಡಿಯಂ, ನಾನು ಇಂಗ್ಲಿಷ್ ಓದಿದವನು. ಸಂಬಂಧಿಕರೊಬ್ಬರ ಮೆಹಂದಿಯ ದಿನ ಅವನು ಜೀವನದಲ್ಲಿ ಮೊದಲ ಸಲ ಎಲ್ಲರೆದುರು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಲು ನಿಂತ. ಎರಡನೇ ವಾಕ್ಯಕ್ಕೆ ನಾನು ನಕ್ಕೆ. ನಾನು ನಕ್ಕದ್ದಕ್ಕೆ ಎಲ್ಲರೂ ನಕ್ಕರು. ಅವನು ಕೈಯಲ್ಲಿದ್ದ ತುಂಬಿದ ಜ್ಯೂಸಿನ ಗ್ಲಾಸನ್ನು ಕಡೆಯುವ ಕಲ್ಲಿನ ಮೇಲಿಟ್ಟು ಹೊರಗೆ ನಡೆದ. ಮುಂದಿನ ವಾರ ಅವನಿಗೆ ಇಂಟರ್‌ವ್ಯೂ ಇತ್ತು. ಹೋಗಲಿಲ್ಲ. ಅಲ್ಲಿಯೂ ನಗುತ್ತಾರೆ ಎಂದು ನನಗೊಬ್ಬನಿಗೇ ಹೇಳಿದ. ಬೋಟಿಗೆ ಹೋದ, ತಿರುಗಿ ಬರಲಿಲ್ಲ. ನಾನು ಇದನ್ನು ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.

ಎಸ್ತೆರ್ ಅವನನ್ನೇ ನೋಡಿದಳು. ತಮ್ಮನನ್ನು ಕಳೆದುಕೊಂಡವರು ಊರಲ್ಲಿ ಇನ್ನೂ ಇರಬಹುದು. ಆದರೆ ಕಡೆಯುವ ಕಲ್ಲಿನ ಮೇಲಿನ ಗ್ಲಾಸು ಎಷ್ಟು ಜನರದ್ದು ಇದ್ದೀತು? ಅದು ಚಿಕ್ಕಪ್ಪನ ಮಗಳು ಬ್ರೆಂಡಾಳ ರೋಸ್ ಶಾಸ್ತ್ರದ ದಿನದ್ದು. ಮದುವೆಯ ಮುಂಚಿನ ದಿನ ಹುಡುಗಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ ಮುಗಿದ ಮೇಲೆ, ರೂಬನ್ ಮದುಮಗಳಿಗೆ ಶುಭ ಕೋರುವ ಟೋಸ್ಟ್ ಹೇಳಲು ಗ್ಲಾಸು ಎತ್ತಿ ನಿಂತಿದ್ದ.

"ನಿಮಗೆ ತಮ್ಮ ಇದ್ದನಾ ಆಶಿಕ್?"

"ಇಲ್ಲ ಟೀಚರ್, ಇಬ್ಬರು ಅಕ್ಕಂದಿರು. ಇದು ಕೊಟ್ಟಾರದವರ ನೋಟ್ಸಲ್ಲಿ ಹದಿನಾಲ್ಕನೇದ್ದು. ಝಹ್ರಾ ಮಿಸ್ ಬರೆದದ್ದು. ಎಲ್ಲರಿಗೂ ಇದೇ ಬಾಯಿಪಾಠ. ಇದು ಹೇಳಿದ್ರೆ ಎಕ್ಸಾಮಿನರ್ ಬರೆಯುವುದನ್ನು ನಿಲ್ಲಿಸಿ ಮುಖ ನೋಡ್ತಾರೆ ಅಂತ ಮಿಸ್ ಹೇಳಿದ್ರು."

ಝಹ್ರಾ! ಐದು ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ ಕೂತು, ಶಾಲಿನ ತುದಿ ಬೆರಳಿಗೆ ಸುತ್ತುತ್ತಾ, ಹದಿನೈದು ದಿನ ಒಂದಕ್ಷರ ಆಡದ ಹುಡುಗಿ. ಬಂದರಿನಲ್ಲಿ ಅವಳ ಅಪ್ಪನದು ಅಂಗಡಿ. ಇವಳ ಬಾಯಿ ಬಿಡಿಸಲು ಬೇರೆ ಯಾವ ಸಣ್ಣಪುಟ್ಟ ನಿಜವೂ ಸಾಲದೆ, ಎಸ್ತೆರ್ ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದ್ದಳು. ಕೊಂಕಣಿಯಲ್ಲಿ ನೆನೆಯಲೂ ಆಗದ್ದು ಇಂಗ್ಲಿಷಿನಲ್ಲಿ ಯಾಕೋ ಸಲೀಸಾಗಿ ಬಂದಿತ್ತು. ಆಮೇಲೆ ಝಹ್ರಾ ತನ್ನದನ್ನು ಹೇಳಿದಳು. ಅಲ್ಲಿಂದ ಅವಳಿಗೆ ಮಾತು ಬಂತು, ಮೂರು ವರ್ಷ ಇಲ್ಲೇ ಕಲಿಸಲೂ ನಿಂತಳು. ಕ್ರಿಸ್‌ಮಸ್‌ಗೆ ಇವರ ಕುಸ್ವಾರ್ ತಿಂಡಿ ಅವಳ ಮನೆಗೆ, ಪೆರ್ನಾಲ್ ಹಬ್ಬಕ್ಕೆ ಅವಳ ಮನೆಯ ಬಿರಿಯಾನಿ ಇಲ್ಲಿಗೆ. ಕೊಟ್ಟಾರದಲ್ಲಿ ಕೆಲಸ ಸಿಕ್ಕಿದಾಗ ಎಸ್ತೆರಳೇ ತಲೆ ಸವರಿ ಕಳಿಸಿಕೊಟ್ಟಿದ್ದಳು. ಉಂಡ ಮನೆಯ ಜಂತೆ ಎಣಿಸುವುದು ಎಂದರೆ ಇನ್ನೇನು?

"ಜಗಲಿಯಲ್ಲಿ ಕೂತಿರಿ, ಈಗ ಬರ್ತೇನೆ" ಎಂದು ಆಶಿಕನಿಗೆ ಹೇಳಿ, ಚೀಲ ಎತ್ತಿಕೊಂಡು ಎಸ್ತೆರ್ ಸಿಕ್ಕಿದ ರಿಕ್ಷಾ ಹತ್ತಿದಳು. ಸಿಟ್ಟು ತಲೆಗೇರಿದವರಿಗೆ ಮುಂದು ಹಿಂದು ಎಲ್ಲಿ ಕಾಣುತ್ತದೆ? ಬೆಂಕಿಯನ್ನು ಮನೆಯಲ್ಲೇ ಬಿಟ್ಟು ಹೊಗೆ ಹಿಡಿಯಲು ಓಡಿದ ಹಾಗಾಯಿತು ಅವಳ ಕತೆ.

ಕೊಟ್ಟಾರದ ಸೆಂಟರು ಎರಡನೇ ಮಾಳಿಗೆಯಲ್ಲಿತ್ತು. ಮೆಟ್ಟಿಲು ಹತ್ತುವಾಗಲೇ ಗಾಜಿನ ಬಾಗಿಲ ಆಚೆಯಿಂದ ಹತ್ತು ಹನ್ನೆರಡು ಜನ ಒಟ್ಟಿಗೆ ಒಂದು ವಾಕ್ಯ ಹೇಳುವುದು ಕೇಳಿಸಿತು. ಅದು ಹದಿನಾಲ್ಕನೆಯದಲ್ಲ, ಬೇರೆ ಯಾವುದೋ. ಆದರೂ ಇಂಥದ್ದೇ ಬಾಯಿಗಳು ರಾಗವಾಗಿ ರೂಬನ್‌ನ ಸಾವು ಹೇಳಿರಬೇಕಲ್ಲ.

ಝಹ್ರಾ ಹೊರಗೆ ಬಂದಳು. ಟೀಚರನ್ನು ಕಂಡು ಮೊದಲು ಮುಖ ಅರಳಿತು, ಆಮೇಲೆ ಇಳಿಯಿತು.

"ಹದಿನಾಲ್ಕು" ಎಂದಳು ಎಸ್ತೆರ್.

ಝಹ್ರಾ ಒಮ್ಮೆ ಬಾಗಿಲಿನತ್ತ ನೋಡಿದಳು. "ಹೆಸರು ತೆಗೆದಿದ್ದೇನೆ ಟೀಚರ್. ರೋಸ್ ತೆಗೆದು ಮೆಹಂದಿ ಮಾಡಿದ್ದೇನೆ, ವೈನ್ ತೆಗೆದು ಜ್ಯೂಸ್ ಹಾಕಿದ್ದೇನೆ. ಯಾರಿಗೂ ಗೊತ್ತಾಗುವುದಿಲ್ಲ."

"ನನಗೆ ಗೊತ್ತಾಯ್ತಲ್ಲ."

"ಇಲ್ಲಿಯ ಸರ್ ಮನಸ್ಸಿಗೆ ತಾಗುವಂಥ ಉತ್ತರ ಬೇಕು ಅಂತ ನನ್ನ ಹಿಂದೆಯೇ ಬಿದ್ದಿದ್ರು. ನಾನು ಮೂವತ್ತು ಬರೆದೆ. ಎಲ್ಲ ಸಪ್ಪೆ. ನಿಜ ಹೇಳಿದ್ರೆ ಕೇಳುವವರು ಪೆನ್ನು ಕೆಳಗಿಡ್ತಾರೆ ಅಂತ ನೀವೇ ಹೇಳಿಕೊಟ್ಟದ್ದಲ್ವಾ?"

ಗುರುವಿಗೇ ತಿರುಮಂತ್ರ. ಎಸ್ತೆರ್ ಮೆಲ್ಲಗೆ ಕೇಳಿದಳು, "ನಿನ್ನದು ನೀನು ಹೇಳಿದ್ದನ್ನು ನಾನು ಯಾರಿಗಾದರೂ ಹೇಳಿದ್ದೇನಾ ಝಹ್ರಾ?"

"ಇಲ್ಲ ಟೀಚರ್."

"ಆ ಮೂವತ್ತರಲ್ಲಿ ನಿನ್ನದು ಉಂಟಾ?"

ಝಹ್ರಾಳ ಶಾಲಿನ ತುದಿ ಮತ್ತೆ ಬೆರಳಿಗೆ ಸುತ್ತಿಕೊಂಡಿತ್ತು. "ಅದು ಹಾಕ್ಲಿಕ್ಕೆ ಮನಸ್ಸು ಬರ್ಲಿಲ್ಲ" ಎಂದಳು. ಆಮೇಲೆ, "ನಾಳೆಯೇ ತೆಗಿಸ್ತೇನೆ" ಎಂದು ಸೇರಿಸಿದಳು. ನಾಲ್ಕು ಬ್ಯಾಚಿನ ಬಾಯಿಂದ ಅದನ್ನು ಹೇಗೆ ತೆಗೆಸುತ್ತೀ ಎಂದು ಎಸ್ತೆರ್ ಕೇಳಲಿಲ್ಲ. ಬೈಯಲು ಬಂದವಳು ಬೈಯದೆಯೇ ಮೆಟ್ಟಿಲಿಳಿದಳು. ಅವಳಿಗೆ ಅಳು ಬಂದದ್ದು ರಿಕ್ಷಾದಲ್ಲಿ, ಅದೂ ರೂಬನ್‌ಗಾಗಿ ಅಲ್ಲ, ಆ ಶಾಲಿನ ತುದಿ ನೆನಪಾಗಿ.

ನಂತೂರು ದಾಟುವಾಗ ಜಗಲಿಯ ನೆನಪಾಯಿತು. ಆಶಿಕನನ್ನು ಅಲ್ಲೇ ಕೂರಿಸಿ ಬಂದಿದ್ದೇನೆ. ಪಪ್ಪ ಮಧ್ಯಾಹ್ನದ ನಿದ್ದೆ ಮುಗಿಸಿ ಈಗ ಹೊರಗೆ ಬಂದಿರುತ್ತಾರೆ. ಗಡಿಯಾರ ಮಡಿಲಲ್ಲಿರುತ್ತದೆ. ನಿನಗೆ ಚಂದ ಬರುವುದನ್ನೇ ಹೇಳು ಎನ್ನುತ್ತಾರೆ. "ಸ್ವಲ್ಪ ಬೇಗ ಹೋಗಿ" ಎಂದು ರಿಕ್ಷಾದವನಿಗೆ ಹೇಳಿದಳು. ಎದುರಿಗೆ ಲಾರಿಗಳ ಸಾಲು ಇತ್ತು.

ಗೇಟು ತೆರೆಯುವಾಗ ಆಶಿಕನ ಧ್ವನಿ ಕೇಳಿಸಿತು. ಆಗಲೇ ಅರ್ಧಕ್ಕೆ ಬಂದಿದ್ದ. ತುಂಬಿದ ಜ್ಯೂಸಿನ ಗ್ಲಾಸನ್ನು ಕಡೆಯುವ ಕಲ್ಲಿನ ಮೇಲಿಟ್ಟು ಎಂದು ಅವನು ಹೇಳುತ್ತಿದ್ದಂತೆ, ಹದಿನಾರು ವರ್ಷದಲ್ಲಿ ಮೊದಲ ಸಲ ವಿಲ್ಲಿ ನಡುವೆ ಬಾಯಿ ಹಾಕಿದರು.

"ಜ್ಯೂಸ್ ಅಲ್ಲ ಅದು. ವೈನ್."

ಆಶಿಕ್ ತಬ್ಬಿಬ್ಬಾದ. "ನೋಟ್ಸಲ್ಲಿ ಜ್ಯೂಸ್ ಅಂತಲೇ ಉಂಟು ಅಂಕಲ್."

"ಇರಬಹುದು. ನೀನು ಹೇಳು, ಪೂರ್ತಿ ಹೇಳು."

ಎಸ್ತೆರ್ ಗೇಟು ಹಿಡಿದು ನಿಂತಳು. ಓಡಿ ಹೋಗಿ ಆ ಹುಡುಗನ ಬಾಯಿ ಮುಚ್ಚಬಹುದಿತ್ತು, ಮುಚ್ಚಲಿಲ್ಲ. ಅವನು ಪೂರ್ತಿ ಹೇಳಿದ. ಅಲ್ಲಿಯೂ ನಗುತ್ತಾರೆ ಎಂಬುದನ್ನು ಹೇಳಿದ, ಬೋಟನ್ನು ಹೇಳಿದ, ಅಪ್ಪನಿಗೆ ಇವತ್ತಿಗೂ ಹೇಳಿಲ್ಲ ಎಂಬುದನ್ನೂ ಹೇಳಿದ. ಟ್ರಿಣ್ ಎಂದಿತು.

"ಇದನ್ನು ಎಲ್ಲಿ ಕಲಿತೆ ಮಾರಾಯ?" ಎಂದು ಕೇಳಿ, ಝಹ್ರಾ ಬರೆದ ನೋಟ್ಸಿನ ವಿಷಯ ತಿಳಿದುಕೊಂಡು, ವಿಲ್ಲಿ ಅವನ ಬೆನ್ನು ತಟ್ಟಿದರು. "ಚಂದ ಹೇಳಿದೆ. ಇವತ್ತು ಹೋಗು." ಆಶಿಕ್ ಟೀಚರ ಮುಖ ನೋಡಿ, ಯಾವ ತಪ್ಪು ಮಾಡಿದೆನೋ ಎಂದು ಅರ್ಥವಾಗದೆ ಚಪ್ಪಲಿ ಮೆಟ್ಟಿ ಹೊರಟ.

ವಿಲ್ಲಿ ಕೊಂಕಣಿಗೆ ತಿರುಗಿದರು. "ಮರುದಿನ ಬೆಳಿಗ್ಗೆ ಕಡೆಯುವ ಕಲ್ಲಿನ ಮೇಲೆ ಇರುವೆ ಮುತ್ತಿದ ಗ್ಲಾಸು ಇತ್ತು. ತೊಳೆದಿಟ್ಟವನು ನಾನು. ಒಂದು ತೊಟ್ಟೂ ಕುಡಿಯದೆ ಇಟ್ಟು ಹೋದವರು ಯಾರಪ್ಪಾ ಅಂತ ಆಗಲೇ ಅನಿಸಿತ್ತು."

"ಪಪ್ಪಾ..."

"ನಾನು ಒಳಗೆ ಹಂದಿಮಾಂಸದ ಪಾತ್ರೆ ಹತ್ತಿರ ಇದ್ದೆ. ಎಲ್ಲರೂ ನಗುವುದು ಕೇಳಿತ್ತು. ಖುಷಿಯಲ್ಲಿ ನಗುತ್ತಿದ್ದಾರೆ ಅಂದುಕೊಂಡೆ." ಗಡಿಯಾರವನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. "ನೀನು ನಕ್ಕದ್ದು ದೊಡ್ಡದಲ್ಲ ಬಾಯೆ. ಮಕ್ಕಳು ನಗುತ್ತಾರೆ. ನಾನು ಆ ಕೆಟ್ಟ ಮಾತು ಆಡಿದ್ದೂ ಸುಳ್ಳಲ್ಲ. ಆದರೆ ನೀನು ಆ ಝಹ್ರಾಳಿಗೆ ಹೇಳಿದೆ. ಅವಳು ಊರಿಗೆಲ್ಲ ಹೇಳಿದಳು. ನನ್ನ ಕೈ ಹಿಡಿದು ರಸ್ತೆ ದಾಟಿಸಿ, ನಾನು ಬತ್ತಿ ಹಚ್ಚಿ ಅಳುವಾಗ ಪಕ್ಕದಲ್ಲಿ ನಿಂತು ನೋಡಿದೆ. ನನಗೆ ಹೇಳಲಿಲ್ಲ."

ಎಸ್ತೆರ್ ಝಹ್ರಾಳಿಗೆ ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳೋ ಅದನ್ನೆಲ್ಲ ಈಗ ಪಪ್ಪ ತನಗೆ ಅನ್ನುತ್ತಿದ್ದರು.

ವಿಲ್ಲಿ ಗಡಿಯಾರವನ್ನು ಎರಡಕ್ಕೆ ತಿರುಗಿಸಿ ಕಟ್ಟೆಯ ಮೇಲಿಟ್ಟರು. "ಈಗ ಹೇಳು. ನಾನು ನಡುವೆ ಬಾಯಿ ಹಾಕುವುದಿಲ್ಲ. ಇಂಗ್ಲಿಷ್ ಬೇಡ, ಅದು ಕೇಳಿ ಆಯಿತು. ನಮ್ಮ ಮಾತಿನಲ್ಲಿ ಹೇಳು."

ಎಸ್ತೆರ್ "ರೂಬನ್" ಎಂದಳು. ಮುಂದಿನದು ಅವಳಿಗೆ ಇಂಗ್ಲಿಷಿನಲ್ಲಿ ಮಾತ್ರ ಗೊತ್ತಿತ್ತು. ಕೊಂಕಣಿಯಲ್ಲಿ "ನಾನು ನಕ್ಕೆ" ಎನ್ನಲು ಹೋದರೆ ಆ ದಿನದ ಅಂಗಳ, ಹಾಲು ಹಚ್ಚಿದ ಬ್ರೆಂಡಾ, ತಮ್ಮನ ಇಸ್ತ್ರಿ ಹಾಕಿದ ಶರಟು ಎಲ್ಲ ಎದ್ದು ಬಂದು ಎದುರು ನಿಂತವು. ಇನ್ನೊಮ್ಮೆ "ರೂಬನ್" ಎಂದಳು. ಗಡಿಯಾರ ಟಿಕ್ ಟಿಕ್ ಎನ್ನುತ್ತಲೇ ಹೋಯಿತು. ವಿಲ್ಲಿ ಮಾತು ಕೊಟ್ಟ ಹಾಗೆ ಎರಡು ನಿಮಿಷವೂ ಅವಳ ಮುಖವನ್ನೇ ನೋಡುತ್ತಾ ಸುಮ್ಮನೆ ಕೂತಿದ್ದರು. ಟ್ರಿಣ್ ಎಂದಾಗ ಎದ್ದು, ಗಡಿಯಾರ ಎತ್ತಿಕೊಂಡು ಒಳಗೆ ಹೋದರು.

ಮರುದಿನ ಗುರುವಾರ. ಎಸ್ತೆರ್ ಎಂದಿನಂತೆ ಕೊಡೆ ಹಿಡಿದು ಜಗಲಿಗೆ ಬಂದಾಗ ವಿಲ್ಲಿ ಆಗಲೇ ಅಂಗಳ ಇಳಿದಿದ್ದರು. ಅವಳು ಕೈ ನೀಡಿದಳು. ಅವರು ಆ ಕೈಯನ್ನು ಮೆಲ್ಲಗೆ ಸರಿಸಿದರು.

"ಇಷ್ಟು ವರ್ಷ ನಿನ್ನ ಪಾಲಿನ ಬತ್ತಿಯನ್ನೂ ನಾನೇ ಹಚ್ಚಿದೆ. ನಿನ್ನದು ನೀನೇ ಹಚ್ಚು. ಆದರೆ ಇವತ್ತು ನನ್ನ ಜೊತೆ ಬರಬೇಡ."

ಎಸ್ತೆರ್ ಗೇಟಿನವರೆಗೆ ಹೋಗಿ ನಿಂತಳು. ರಸ್ತೆಯ ಅಂಚಿನಲ್ಲಿ ಅಪ್ಪ ತುಂಬ ಹೊತ್ತು ಕಾದರು. ಬಸ್ಸುಗಳು ಹೋದವು, ಒಂದು ಟ್ಯಾಂಕರ್ ಹೋಯಿತು. ಆಮೇಲೆ ಅಲ್ಲಿದ್ದ ಯಾರೋ ಅಪರಿಚಿತ ಹೆಂಗಸು ಕೈ ನೀಡಿದಳು. ವಿಲ್ಲಿ ಅವಳ ಕೈ ಹಿಡಿದು ರಸ್ತೆ ದಾಟಿದರು.