ಗಾಜಿನ ಮರಳು

"ಎಷ್ಟೇ ಪುಡಿ ಮಾಡಿದ್ರೂ ಗಾಜು ಗಾಜೇ ಕಣ್ರೀ. ಕುಯ್ಯುತ್ತೆ," ಎಂದ ಎಂಜಿನಿಯರ್ ಶಿರೋಡ್ಕರ್, ಗಾಜಿನ ಮರಳಿನ ರಾಶಿಯಿಂದ ಎರಡು ಹೆಜ್ಜೆ ಹಿಂದೆಯೇ ನಿಂತು. "ಲ್ಯಾಬ್ ರಿಪೋರ್ಟ್ ಬರಲಿ. ಮುಂದಿನ ವರ್ಷ ನೋಡೋಣ."

ಬಾಟ್ಲಿ ಪುಡಿ ಮಾಡುವ ಯಂತ್ರದ ಬೋಲ್ಟ್ ಬಿಗಿಸುತ್ತಿದ್ದ ಸೆರಾಫಿನ್ ಪಾನಾವನ್ನು ಬಿಗಿಯಾಗಿ ಹಿಡಿದ. ಇವತ್ತು ಮಾರ್ಚ್ ಮೂವತ್ತೊಂದು. ಸಂಜೆ ಐದರೊಳಗೆ ಈ ಎಂಜಿನಿಯರನ ಸಹಿ ಬೀಳದಿದ್ದರೆ ಸರ್ಕಾರಿ ಸಹಾಯಧನದ ಎರಡನೇ ಕಂತು ವಾಪಸು, ಯಂತ್ರವೂ ವಾಪಸು. ಸೆರಾಫಿನ್ ಮೂರು ವರ್ಷ ಪಣಜಿಯ ಕಚೇರಿಗಳಿಗೆ ಅಲೆದಿದ್ದಾನೆ. ಕರೆಂಟು ಬೇಕಾದರೆ ಘಟಕ ಓಡುತ್ತಿದೆ ಎಂಬ ಪತ್ರ ತಾ ಎಂದರು. ಆ ಪತ್ರ ಬೇಕಾದರೆ ಕರೆಂಟು ಹಾಕಿಸು ಎಂದರು. ಕೊನೆಗೆ ಅವನು ಗದ್ದೆ ಉಳುವ ಟಿಲ್ಲರಿನ ಎಂಜಿನ್‌ಗೆ ಬೆಲ್ಟ್ ಕಟ್ಟಿ ಯಂತ್ರ ತಿರುಗಿಸಿದ. ಬೆಳಗ್ಗಿನಿಂದ ಬಿಯರ್ ಬಾಟ್ಲಿಗಳು ನುಣ್ಣಗೆ ಮರಳಾಗಿ ಬೀಳುತ್ತಿವೆ, ಹಸಿರು, ಕಂದು. ಈ ಸಾಹೇಬನಿಗೆ ಕಣ್ಣಿಲ್ಲವೇ?

"ಮೂರು ವರ್ಷ ಲ್ಯಾಬ್ ಎಲ್ಲಿ ಮಲಗಿತ್ತು ಸಾಹೇಬ್ರೆ?"

"ಸೆರಾ, ಬಾಯಿ ಮುಚ್ಚು," ಎಂದಳು ತಾಯಿ ಕಿತೇರಿಯಾ.

ಯಂತ್ರವಿದ್ದ ಶೆಡ್ಡಿನ ಪಕ್ಕದಲ್ಲಿ ಅವರ ಗೇರುಗುಡ್ಡದ ಕೊಳಂಬಿ ಇತ್ತು, ಗೇರುಹಣ್ಣು ತುಳಿದು ರಸ ತೆಗೆಯುವ ಕಲ್ಲಿನ ತೊಟ್ಟಿ. ಮೂವತ್ತು ಬೇಸಿಗೆ ಅವಳು ಅದರಲ್ಲಿ ತುಳಿದವಳು.

"ಇದ್ರೊಳಗೆ ನಾಲ್ಕು ಬುಟ್ಟಿ ಮರಳು ಸುರಿ."

"ಮಾಂಯ್, ಬೇಡ."

"ಯಾಕೋ? ನೀನು ಮಾಡಿದ ಮರಳಿನ ಮೇಲೆ ನಿಂಗೇ ನಂಬಿಕೆ ಇಲ್ವಾ?"

ಅವನು ಸುರಿದ. ಅವಳು ಚಪ್ಪಲಿ ಬಿಟ್ಟಳು. ಬಲಗಾಲಿನಲ್ಲಿ ನಾಲ್ಕೇ ಬೆರಳು. ಸಮುದ್ರ ನೋಡಲು ಬಂದವರು ಗದ್ದೆಗೆ ಎಸೆದ ಬಾಟ್ಲಿಯ ಚೂರು ನಾಟಿಯ ದಿನ ಕಿರುಬೆರಳನ್ನು ತಿಂದಿತ್ತು. ಅವತ್ತು ಅವಳನ್ನು ಹೊತ್ತು ಓಡಿದವನು ಸೆರಾಫಿನ್.

ಲಂಗ ಎತ್ತಿ ಕಟ್ಟಿ ಇಳಿದಳು. ಹಿಮ್ಮಡಿ ಒತ್ತಿ, ತಿರುಗಿಸಿ, ಹಣ್ಣು ತುಳಿದಂತೆಯೇ ತುಳಿದಳು, ತೊಟ್ಟಿಯ ಮೂಲೆಮೂಲೆಯನ್ನೂ. ಬೆವರು ಗದ್ದಕ್ಕಿಳಿಯಿತು. ಆಮೇಲೆ ಬಲಪಾದವನ್ನು ತೊಟ್ಟಿಯ ಅಂಚಿಗೆ ಎತ್ತಿಟ್ಟು ಶಿರೋಡ್ಕರನಿಗೆ ಅಂಗಾಲು ತೋರಿಸಿದಳು. ಮರಳು ಉದುರಿತು. ರಕ್ತವಿಲ್ಲ.

"ಐದನೇ ಬೆರಳು ಹುಡುಕ್ಬೇಡಿ ಸಾಹೇಬ್ರೆ. ಅದನ್ನ ಅರ್ಜಿ ಜೊತೆ ಮೊದ್ಲೇ ಕೊಟ್ಟಾಯ್ತು."

ಬಾಟ್ಲಿ ಆರಿಸುತ್ತಿದ್ದ ಹೆಂಗಸರು ಗೊಳ್ಳೆಂದು ನಕ್ಕರು.

"ಆದ್ರೂ... ನಿಮ್ಮ ಕಾಲನ್ನ ಫೈಲಿಗೆ ಹಚ್ಚೋಕಾಗತ್ತಾ?" ಎಂದ ಶಿರೋಡ್ಕರ್.

"ನಿಮ್ಮದನ್ನ ಹಚ್ಚಬಹುದು," ಎಂದ ಸೆರಾಫಿನ್. ಏಳನೇ ತರಗತಿಗೇ ಶಾಲೆ ಬಿಟ್ಟವನು, ಆದರೆ ಈ ಕಡತದ ಒಂದೊಂದು ಸಾಲೂ ಅವನಿಗೆ ಬಾಯಿಪಾಠ. "ಒಂಬತ್ತನೇ ಕಲಂ ಓದಿ. 'ಲ್ಯಾಬ್ ವರದಿ, ಇಲ್ಲವೇ ಸ್ಥಳದಲ್ಲಿ ಅಧಿಕಾರಿಯ ಖುದ್ದು ಪರೀಕ್ಷೆ.' ಬರೆದವರು ನಾವಲ್ಲ, ನೀವು."

ಶಿರೋಡ್ಕರ್ ಕೈಯಲ್ಲಿದ್ದ ಕಡತದ ಹಾಳೆ ತಿರುವಿದ. ಓದಿದ. ಮತ್ತೊಮ್ಮೆ ಓದಿದ.

"ಬನ್ನಿ ಪುತಾ," ಎಂದಳು ಕಿತೇರಿಯಾ, ಮಗನನ್ನು ಕರೆದಂತೆ, ತೊಟ್ಟಿಯೊಳಗಿಂದಲೇ ಕೈ ಚಾಚಿ, "ಬಿಸಿಲಿಗೆ ಬೆಚ್ಚಗಿದೆ."

ಅವನು ಸುತ್ತ ನೋಡಿದ. ನಗುತ್ತಿದ್ದ ಹೆಂಗಸರೆಲ್ಲ ಬಾಟ್ಲಿ ಕೆಳಗಿಟ್ಟು ತೊಟ್ಟಿಯ ಸುತ್ತ ಸೇರಿದ್ದರು. ಬಗ್ಗಿ ಬೂಟಿನ ಲಾಡಿ ಬಿಚ್ಚಿದ. ಕಾಲುಚೀಲ ಮಡಚಿ ಬೂಟಿನೊಳಗೆ ತುರುಕಿದ. ಒಂದು ಪಾದ ಇಟ್ಟ, ಕಣ್ಣು ಮುಚ್ಚಿ. ಇನ್ನೊಂದನ್ನೂ ಇಟ್ಟ. ಒಂದು ಗಳಿಗೆ ಬಿಟ್ಟು ಬೆರಳು ಮಡಚಿ, ಬಿಚ್ಚಿ ನೋಡಿದ.

"ಅರೆ," ಎಂದ, ತನ್ನಷ್ಟಕ್ಕೇ.

ಮೇಜು ಇರಲಿಲ್ಲ. ಸೆರಾಫಿನ್ ತೊಟ್ಟಿಯ ಅಂಚಿಗೆ ಬಂದು ಬೆನ್ನು ಬಗ್ಗಿಸಿದ. ಅದರ ಮೇಲೆ ಹಾಳೆ ಇಟ್ಟು ಶಿರೋಡ್ಕರ್ ಒತ್ತಿ ಬರೆದ. ಮೂರು ವರ್ಷ ಕಾದ ಆ ಸಹಿ ಅಂಗಿಯ ಮೂಲಕ ಬೆನ್ನಿಗೆ ಕಚಗುಳಿಯಿಡುತ್ತ ಹೋಯಿತು. ಸೆರಾಫಿನ್‌ಗೆ ನಗು ತಡೆಯಲಾಗಲಿಲ್ಲ.

"ಅಲ್ಲಾಡ್ಬೇಡಯ್ಯಾ! ತಾರೀಕು ಹಾಕ್ಬೇಕು."

ಮೂರೂವರೆಗೆ ಹಾಳೆ ಹೊತ್ತ ಜೀಪು ಗುಡ್ಡ ಇಳಿಯಿತು. ಹೆಂಗಸರ ಕೂಗಿಗೆ ಎಂಜಿನ್ನಿನ ಸದ್ದೂ ಕೇಳಿಸದಂತಾಯಿತು. ಕೊಳಂಬಿಯಲ್ಲಿ, ಹಸಿರಾಗಿ ಮಿನುಗುವ ಮರಳಿನ ಮೇಲೆ, ಐದು ಬೆರಳಿನ ಹೆಜ್ಜೆಯ ಪಕ್ಕದಲ್ಲಿ ನಾಲ್ಕು ಬೆರಳಿನದೊಂದು ಹೆಜ್ಜೆ ಇತ್ತು. ಮರಳು ಬಾಚಲು ಸಲಿಕೆ ತಂದ ಸೆರಾಫಿನ್, ಆ ಹೆಜ್ಜೆಗಳನ್ನು ನೋಡಿ, ಸಲಿಕೆಯನ್ನು ತೊಟ್ಟಿಯ ಗೋಡೆಗೆ ಒರಗಿಸಿಟ್ಟ.