ಹನ್ನೆರಡು ಸೆಂಟಿಮೀಟರ್

ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರಿಗೆ ಸೊನ್ನೆ ಮೇಷ್ಟ್ರು ಅಂತಲೇ ಹೆಸರು. ಹುಡುಗರ ಉತ್ತರಕ್ಕೆ ಸೊನ್ನೆ ಸುತ್ತಲು ಅವರ ಕೈ ಎಂದೂ ಹಿಂದೆಮುಂದೆ ನೋಡಿದ್ದಿಲ್ಲ. ತಮ್ಮ ತಪ್ಪಿಗೆ ಮಾತ್ರ ಬೇರೆಯವರ ತಲೆ ಹುಡುಕುತ್ತಿದ್ದರು. ಹೋದ ತಿಂಗಳು ಲ್ಯಾಬಿನ ತಕ್ಕಡಿಯನ್ನು ತಾವೇ ಕೆಡವಿ, ಅಟೆಂಡರಮ್ಮನ ಮೇಲೆ ಗೂಬೆ ಕೂರಿಸಿದರು. 'ಬೇಜವಾಬ್ದಾರಿ ಹೆಂಗಸು' ಎಂದು ಅವರು ಬರೆದುಕೊಟ್ಟ ಒಂದೇ ಸಾಲಿಗೆ, ಸಂಜೆ ಕಾಲೇಜಿನಲ್ಲಿ ಓದಿ ಡಿಗ್ರಿ ಮುಗಿಸಿದ್ದ ಆಕೆಗೆ ಬರಬೇಕಿದ್ದ ಇನ್‌ಸ್ಟ್ರಕ್ಟರ್ ಹುದ್ದೆ ಕೈತಪ್ಪಿತು. ಅವತ್ತಿನಿಂದ ಆಕೆಯ ಹೊಟ್ಟೆಯಲ್ಲಿ ಬೆಂಕಿ.

ಇವತ್ತು ತಪಾಸಣೆ. ಪಾಠ ಮೆಚ್ಚುಗೆಯಾದರೆ ಮೇಷ್ಟ್ರು ಪ್ರಿನ್ಸಿಪಾಲರಾಗುತ್ತಾರೆ. ತಪಾಸಣೆಯ ಮೇಡಂ ಮುಂದಿನ ಬೆಂಚಿನಲ್ಲೇ ಕೂತಿದ್ದರು.

ಮೇಷ್ಟ್ರು ತಮ್ಮ ಮೆಚ್ಚಿನ ಲೆಕ್ಕವನ್ನೇ ಎತ್ತಿಕೊಂಡರು. ಎಂಬತ್ತು ಸೆಂಟಿಮೀಟರ್ ಎತ್ತರದ ಮೇಜು, ಅದರ ಮೇಲೆ ಇಪ್ಪತ್ತು ಸೆಂಟಿಮೀಟರ್ ಎತ್ತರದ ಇಳಿಜಾರು. ಇಳಿಜಾರಿನ ನೆತ್ತಿಯಿಂದ ಬಿಟ್ಟ ಉಕ್ಕಿನ ಗುಂಡು ಮೇಜಿನ ಅಂಚು ದಾಟಿ ಎಷ್ಟು ದೂರ ಬೀಳುತ್ತದೆ? ಬೋರ್ಡಿನ ತುಂಬ ಗೀಚಿ, ಸೀಮೆಸುಣ್ಣ ಕುಟ್ಟಿ, "ಎಂಬತ್ತು! ಅಲ್ಲಿಗೆ ಮರಳಿನ ತಟ್ಟೆ ಇಡಮ್ಮ" ಅಂದರು ಅಟೆಂಡರಮ್ಮನಿಗೆ.

ಲೆಕ್ಕ ತಪ್ಪು. ಅದು ಜಾರುವ ವಸ್ತುವಿನ ಲೆಕ್ಕ. ಗುಂಡು ಉರುಳುತ್ತದೆ, ಅದರ ಶಕ್ತಿಯಲ್ಲಿ ಒಂದು ಪಾಲು ಸುತ್ತುವುದಕ್ಕೇ ಹೋಗುತ್ತದೆ. ಬೀಳುವುದು ಅರವತ್ತೆಂಟಕ್ಕೆ. ಹನ್ನೊಂದು ವರ್ಷ ಮೇಷ್ಟ್ರು ಎಂಬತ್ತು ಅಂದಾಗೆಲ್ಲ ಅಟೆಂಡರಮ್ಮ ತುಟಿಪಿಟಕ್ಕೆನ್ನದೆ ಮರಳಿನ ತಟ್ಟೆಯನ್ನು ಅರವತ್ತೆಂಟಕ್ಕೆ ಇಟ್ಟು ಅವರ ಮಾನ ಉಳಿಸಿದ್ದಳು. ಆ ಮನುಷ್ಯ ಒಂದು ದಿನವೂ ಸ್ಕೇಲು ಹಿಡಿದು ನೋಡಿರಲಿಲ್ಲ, ಅಷ್ಟು ಕೊಬ್ಬು.

ಇವತ್ತು ಆಕೆ ಅಳೆದು, ಕೂದಲೆಳೆಯಷ್ಟೂ ಅತ್ತಿತ್ತ ಆಗದಂತೆ, ಎಂಬತ್ತಕ್ಕೇ ಇಟ್ಟಳು. ಅದೆಷ್ಟು ಹಿತವಾಯಿತೆಂದರೆ, ನಗು ತಡೆಯಲು ತುಟಿ ಕಚ್ಚಿಕೊಳ್ಳಬೇಕಾಯಿತು.

ಗುಂಡು ಹಾರಿತು. ತಟ್ಟೆಗಿಂತ ಈಚೆಗೆ ಟಣ್ಣೆಂದು ನೆಲಕ್ಕೆ ಬಡಿದು, ಮೇಡಂ ಚಪ್ಪಲಿಯವರೆಗೂ ಉರುಳಿತು. ಹಿಂದಿನ ಬೆಂಚಿನವರು ಕಿಸಕ್ಕೆಂದರು.

"ಇವಳೇ! ತಟ್ಟೆ ತಪ್ಪಿಟ್ಟಿದಾಳೆ!" ಮೇಷ್ಟ್ರು ಕೂಗಿದರು. "ಹನ್ನೊಂದು ವರ್ಷದಿಂದ ಸರಿಯಾಗೇ ಬಿದ್ದಿದೆ, ಮೇಡಂ!"

ಮೇಡಂ ತಾವೇ ಬಗ್ಗಿ ಅಳೆದರು. "ಎಂಬತ್ತೇ ಇದೆಯಲ್ಲ."

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಇಲ್ಲಿಗೇ ಸುಮ್ಮನಿದ್ದರೂ ಸಾಕಿತ್ತು, ಅಟೆಂಡರಮ್ಮನಿಗೆ ಸಾಲಲಿಲ್ಲ.

"ಇಷ್ಟು ವರ್ಷ ನಾನು ಅರವತ್ತೆಂಟಕ್ಕೆ ಇಡ್ತಿದ್ದೆ, ಮೇಡಂ. ಗುಂಡು ಉರುಳುತ್ತೆ ಅನ್ನೋದು ಸಾರ್‌ಗೆ ಗೊತ್ತಿಲ್ಲ."

ತಟ್ಟೆ ಸರಿಸಿ ಮತ್ತೆ ಗುಂಡು ಬಿಟ್ಟಳು. ಅದು ಮರಳಿನ ನಟ್ಟನಡುವೆ ಕೂತಿತು.

ಮೇಡಂ ಪೆನ್ನು ತೆಗೆದರು. "ಅಂದ್ರೆ ತಪ್ಪು ಲೆಕ್ಕಾನೇ ಸರಿ ಅಂತ ಮಕ್ಕಳಿಗೆ ತೋರಿಸ್ತಾ ಬಂದಿದೀರ. ನಿಮ್ಮ ಹೆಸರೂ ಬರೀಬೇಕಾಗುತ್ತಮ್ಮ. ಕೆಲಸಕ್ಕೇ ಕುತ್ತು ಬರಬಹುದು."

"ಬರೀರಿ ಮೇಡಂ," ಅಂದಳು ಅಟೆಂಡರಮ್ಮ, ಮೇಷ್ಟ್ರ ಮುಖದಿಂದ ಕಣ್ಣು ತೆಗೆಯದೆ. "ಆದ್ರೆ ಸಾರ್ ಹೆಸರು ಮೊದ್ಲು ಬರೀರಿ."